ಅತ್ತೆಯವರಿಗೊಂದು ಸಿಂಹ

ಜುಲೈ 5, ಶನಿವಾರ. ನಾರೋಕ್

ಟೆಂಟುಗಳನ್ನು ಕೊಡವಿ ಬಿಸಿಲಿಗೆ ಹಾಕಿದ್ದಾಯಿತು. ಒಂದರ ಜಿಪ್ ಹಟ ಮಾಡುತ್ತಿತ್ತು. ಮೇಣದಬತ್ತಿ ಉಜ್ಜಿದೆ, ದಾರಿಗೆ ಬಂತು. ಸಫಾರಿ ಗಾಡಿಯ ಮೇಲ್ಛಾವಣಿ ಎತ್ತಿದರೆ ಕಿರುಗುಟ್ಟುವುದು ನಿಂತಿಲ್ಲ. ಎಣ್ಣೆ ಬಿಟ್ಟೆ. ಇನ್ನೂ ಕಿರುಗುಟ್ಟುತ್ತಿದೆ. ಬಹುಶಃ ಹುಟ್ಟುಗುಣ.

ಮಧ್ಯಾಹ್ನ ಕಂಪನಿಯ ಯಜಮಾನಿಯ ಫೋನು. ಸೋಮವಾರದ ಅತಿಥಿಗಳು ಬರುತ್ತಿಲ್ಲ, ವಿಮಾನದ್ದೇನೋ ರಗಳೆ. ಮಸಾಯಿ ಮಾರಾ ಕಾಡಿನಲ್ಲಿ ಕ್ಯಾಂಪಿಗೆ ಜಾಗ ಹಿಡಿದಾಗಿದೆ, ತರಕಾರಿ ತಂದಾಗಿದೆ. "ಸುಮ್ನೆ ಕೊಳೆಯೋ ಬದ್ಲು ನಿನ್ನ ಮನೆಯವ್ರನ್ನೇ ಕರ್ಕೊಂಡು ಹೋಗು ಸಿತುಮಾ" ಅಂದರು.

ಎದೆ ಉಬ್ಬಿತು. ಇಷ್ಟು ವರ್ಷ ಊರೂರಿನವರಿಗೆ ಆನೆ ಸಿಂಹ ತೋರಿಸಿದವನು, ಕಟ್ಟಿಕೊಂಡ ಹೆಂಡತಿಗೆ ತೋರಿಸಿದ್ದು ಅಡುಗೆಮನೆಯ ಹಲ್ಲಿಯನ್ನು ಮಾತ್ರ. ಅದನ್ನೂ ತೋರಿಸಿದವಳು ಅವಳೇ.

ಹೆಂಡತಿ ನಂಜಾಲಾಗೆ ಹೇಳಿದೆ. ಹೊಲಿಗೆ ಮಷೀನಿನಿಂದ ತಲೆ ಎತ್ತದೆ, "ಅಮ್ಮನೂ ಬರ್ತಾಳೆ" ಅಂದಳು.

ಉಬ್ಬಿದ ಎದೆ ತನ್ನ ಜಾಗಕ್ಕೆ ವಾಪಸು ಹೋಯಿತು.

ಜುಲೈ 6, ಭಾನುವಾರ

ನಿದ್ದೆ ಬರಲಿಲ್ಲ. ಬರೆದರೆ ಧೈರ್ಯ ಬಂದೀತು.

ಅತ್ತೆ, ಅಂದರೆ ಬುಂಗೋಮಾದ ನೆಕೋಯೆಯವರು. ನಾವು ಬುಕುಸು ಜನ. ನಮ್ಮಲ್ಲಿ ಅಳಿಯನಾದವನು ಅತ್ತೆಯ ಮುಖ ನೋಡಬಾರದು, ಕೈ ಮುಟ್ಟಬಾರದು, ಎದುರು ಕೂತು ತಿನ್ನಬಾರದು, ನೇರ ಮಾತಾಡಬಾರದು. ದಾರಿಯಲ್ಲಿ ಎದುರಾದರೆ ಪಕ್ಕದ ಪೊದೆ ಸೇರಬೇಕು. ಮದುವೆಯಾದಂದಿನಿಂದ ಚಾಚೂ ತಪ್ಪದೆ ಪಾಲಿಸಿದ್ದೇನೆ. ಅವರ ಮುಖ ಹೇಗಿದೆಯೋ ತಿಳಿಯದು. ಚಪ್ಪಲಿಗಳ ವಿಷಯದಲ್ಲಿ ಮಾತ್ರ ಅಧಿಕಾರದಿಂದ ಮಾತಾಡಬಲ್ಲೆ. ಬುಂಗೋಮಾದಲ್ಲಿ ಇದೆಲ್ಲ ಸುಲಭ, ಅಲ್ಲಿ ಪೊದೆಗಳು ಖಾಲಿ ಇರುತ್ತವೆ. ಮಾರಾದಲ್ಲಿ ಒಂದೊಂದು ಪೊದೆಗೂ ಆಗಲೇ ಒಬ್ಬ ಮಾಲೀಕನಿದ್ದಾನೆ. ಕೆಲವರಿಗೆ ಕೊಂಬು.

ಇಂಥವರನ್ನು ಒಂದೇ ಗಾಡಿಯಲ್ಲಿ ಕೂರಿಸಿಕೊಂಡು ಮೂರು ದಿನ ಸುತ್ತಬೇಕು.

"ಅಮ್ಮ ಯಾಕೆ ಬರ್ತಿರೋದು?" ಕೇಳಿದೆ. ನಂಜಾಲಾ ಮಷೀನು ನಿಲ್ಲಿಸಿದಳು. ಅವಳು ಮಷೀನು ನಿಲ್ಲಿಸಿದಳೆಂದರೆ ವಿಷಯ ಗಂಭೀರ.

"ಕುಂಡು ಮತ್ತೆ ಕೇಳಿದಾನೆ. ಬುಂಗೋಮಾದ ಹಾರ್ಡ್‌ವೇರ್ ಅಂಗಡಿಗೆ ನಂಬಿಕಸ್ಥ ಜನ ಬೇಕಂತೆ. ನಂಗೂ ಸಾಕಾಗಿದೆ ಸಿತುಮಾ. ತಿಂಗಳಲ್ಲಿ ಮುಕ್ಕಾಲು ಪಾಲು ನೀನು ಆ ಪ್ರಾಣಿಗಳ ಜೊತೆ. ನಾನಿಲ್ಲಿ ಗೋಡೆ ಜೊತೆ."

"ಅದಕ್ಕೆ?"

"ಅಮ್ಮ ನೋಡ್ಲಿ. ಏನು ಹೇಳ್ತಾಳೋ ಹಾಗೆ. ಉಳಿ ಅಂದ್ರೆ ಇನ್ನು ಬಾಯಿ ಬಿಡಲ್ಲ. ಹೊರಡಿ ಅಂದ್ರೆ ಹೊರಡೋದು, ನೀನೂ ಬಾಯಿ ಬಿಡಬಾರದು."

ಒಪ್ಪಿದೆ. ಒಪ್ಪದೆ ಏನು ಮಾಡಲಿ, ಅವಳ ಕಣ್ಣಲ್ಲಿ ನೀರಿತ್ತು. ಕುಂಡು ನನ್ನ ಭಾವಮೈದುನ, ಒಳ್ಳೆಯ ಮನುಷ್ಯ. ಆದರೆ ಮೊಳೆ, ತಗಡು, ಪೈಪು... ಮೊಳೆ ಎಂದೂ ಮರಿ ಹಾಕುವುದಿಲ್ಲ. ಪೈಪು ಎಂದೂ ಕಿವಿ ನಿಮಿರಿಸಿ ತಿರುಗಿ ನೋಡುವುದಿಲ್ಲ.

ಸಂಜೆ

ಅತ್ತೆ ಬಸ್ಸಿಳಿದರು. ಹೊಸ ಚಪ್ಪಲಿ, ಕಂದು ಬಣ್ಣದ್ದು, ಗಟ್ಟಿ ಅಟ್ಟೆ. ಯುದ್ಧಕ್ಕೆ ಬಂದವರ ಚಪ್ಪಲಿ. ಗೋಡೆಯ ಆ ಕಡೆಯಿಂದ ಮಗಳಿಗೆ ಹೇಳುತ್ತಿದ್ದುದು ನನಗೆ ಕೇಳಿಸಲೆಂದೇ ಜೋರಾಗಿತ್ತು:

"ಸಿಂಹ ತೋರಿಸ್ಲಿ. ಕೂತ್ಕೊಂಡು ಈ ಕಣ್ಣಾರೆ ನೋಡ್ಬೇಕು. ತೋರಿಸಿದ್ರೆ ಅದು ಕೆಲಸ. ಇಲ್ಲಾಂದ್ರೆ ಬರೀ ಅಲೆದಾಟ."

ಇಷ್ಟೇನಾ! ಮಾರಾದಲ್ಲಿ ಸಿಂಹ ತೋರಿಸುವುದೆಂದರೆ ಸಂತೆಯಲ್ಲಿ ಟೊಮೇಟೊ ತೋರಿಸಿದ ಹಾಗೆ. ಗೆದ್ದೆ ಅಂದುಕೊಂಡು ಮಲಗುತ್ತೇನೆ.

ಜುಲೈ 7, ಸೋಮವಾರ. ತಾಲೆಕ್ ಹೊಳೆ ದಂಡೆ, ಕ್ಯಾಂಪ್

ಗೆದ್ದಿಲ್ಲ.

ಹೊರಡುವ ಮೊದಲು ಗಾಡಿಯ ಒಳಗನ್ನಡಿ ಆಕಾಶಕ್ಕೆ ತಿರುಗಿಸಿದೆ. ಅತ್ತೆ ಕಟ್ಟಕಡೆಯ ಸಾಲಿನಲ್ಲಿ. ನಡುವೆ ನಂಜಾಲಾ, ಟೆಂಟಿನ ಗಂಟುಗಳು, ಅಡುಗೆಯ ಕಿಲೊಂಜೊ. ಕಿಲೊಂಜೊ ಕಾಂಬಾ ಜನ, ಅವರಲ್ಲಿ ಏನು ಕಟ್ಟಳೆಯೋ ಗೊತ್ತಿಲ್ಲ, ನಮ್ಮ ಕಟ್ಟಳೆ ನೋಡಿ ಅವನಿಗೆ ಭಾರೀ ಖುಷಿ. "ನಾನು ಗೋಡೆ. ಗೋಡೆಗೆ ಕಿವಿ ಇದೆ, ಬಾಯೂ ಇದೆ" ಎಂದು ಘೋಷಿಸಿ ಕೂತ.

ಗೈಡ್ ಆದವನು ಹಿಂದೆ ತಿರುಗಿ ವಿವರಿಸಬೇಕು. ನಾನು ಮುಂದಿನ ಗಾಜಿಗೆ ವಿವರಿಸಿದೆ. "ಇದು ಜಿರಾಫೆ. ನಾಲಿಗೆ ಕಪ್ಪು." ಗಾಜು ಏನೂ ಹೇಳಲಿಲ್ಲ. ಹಿಂದಿನಿಂದ ದನಿ: "ಕಿಲೊಂಜೊ, ಅದು ನಿಂತ್ಕೊಂಡೇ ನಿದ್ದೆ ಮಾಡುತ್ತಾ ಕೇಳು." ಕಿಲೊಂಜೊ ನನ್ನ ಕಿವಿಯ ಹತ್ತಿರ ಬಗ್ಗಿ, "ನೀನು ಕೂತ್ಕೊಂಡೇ ನಿದ್ದೆ ಮಾಡ್ತಿದೀಯಾ ಅಂತ ಕೇಳ್ತಿದಾರೆ." ಹಿಂದಿನ ಸಾಲಿನಲ್ಲಿ ಏನೋ ಸದ್ದು. ಕೆಮ್ಮೋ ನಗುವೋ ತಿಳಿಯಲಿಲ್ಲ.

ಸಂಜೆ ಸಿಂಹ ಹುಡುಕಲು ಹೊರಟೆವು. ಜುಲೈ ತಿಂಗಳ ಹುಲ್ಲು, ಸೊಂಟದೆತ್ತರ. ಸೀಟಿನ ಮೇಲೆ ಹತ್ತಿ ನಿಂತು, ಛಾವಣಿಯಿಂದ ತಲೆ ಹೊರಹಾಕಿ, ಸುತ್ತ ಕಣ್ಣಾಡಿಸಬೇಕು. ಹಾಗೇ ಸಿಂಹ ಸಿಗುವುದು. ಸೀಟಿನ ಮೇಲೆ ಒಂದು ಕಾಲಿಟ್ಟೆ. ಆಗ ಹೊಳೆಯಿತು. ನಾನು ಎದ್ದು ನಿಂತರೆ ಅತ್ತೆಯವರ ಕಣ್ಣಿಗೆ ನೇರ ಬೀಳುವುದು ನನ್ನ ಯಾವ ಭಾಗ!

ಕಾಲು ಇಳಿಸಿದೆ. ಕೂತೇ ಹುಡುಕಿದೆ. ಕೂತವನಿಗೆ ಕಾಣುವುದು ಹುಲ್ಲಿನ ಬುಡ. ಹುಲ್ಲಿನ ಬುಡದ ಬಗ್ಗೆ ಈಗ ನನಗೆ ತಿಳಿಯದ್ದು ಏನೂ ಇಲ್ಲ.

ಊಟಕ್ಕೆ ಗಾಡಿಯ ಮರೆಯಲ್ಲಿ, ಅಕೇಶಿಯಾ ಮರದ ಕಡೆ ಮುಖ ಮಾಡಿ ಕೂತೆ. ಉಗಾಲಿ ಮುದ್ದೆ ಮುರಿದು ಬಾಯಿಗಿಡುವಷ್ಟರಲ್ಲಿ ಕೋತಿಯೊಂದು ಮರದಿಂದ ಇಳಿದು ತಟ್ಟೆಯೊಳಗಿನ ಮಾಂಸ ಹೊತ್ತೊಯ್ದಿತು. ಕೂಗುವ ಹಾಗಿಲ್ಲ, ಕೂಗಿದರೆ ನಾನು ತಿನ್ನುತ್ತಿದ್ದೆ ಎಂದು ಅತ್ತೆಗೆ ಗೊತ್ತಾಗುತ್ತದೆ. ಮಾಂಸವಿಲ್ಲದ ಮುದ್ದೆಯನ್ನು ಘನತೆಯಿಂದ ತಿಂದೆ.

ಜುಲೈ 8, ಮಂಗಳವಾರ

ಬೆಳಗಿನಿಂದ ಡ್ರೈವರುಗಳ ರೇಡಿಯೊದಲ್ಲಿ ಬರೀ ಸಿಂಹ. ಅಲ್ಲೊಂದು ಸಂಸಾರ, ಇಲ್ಲಿಬ್ಬರು ಅಣ್ಣತಮ್ಮಂದಿರು. ನಾನು ಹೋಗುವ ಹೊತ್ತಿಗೆ ಎಲ್ಲ ಎದ್ದು ಪೊದೆ ಸೇರಿರುತ್ತವೆ. ಅವುಗಳಿಗೂ ಅತ್ತೆ ಎದುರಾದಳೋ ಏನೋ.

ಮಾಸಾಯಿ ಡ್ರೈವರ್ ಸಂಕಾಲೆ ರೇಡಿಯೊದಲ್ಲಿ ಇಡೀ ಮಾರಾಕ್ಕೆ ಕೇಳುವಂತೆ, "ಏ ಸಿತುಮಾ, ನಾವೆಲ್ಲ ಸಿಂಹ ನೋಡೋಕೆ ಬಂದ್ರೆ ನೀನು ಜೊತೆಗೇ ತಂದಿದೀಯಂತೆ?"

ರೇಡಿಯೊ ಆರಿಸಲು ಕೈ ಚಾಚಿದೆ. ಹಿಂದಿನಿಂದ, "ಕಿಲೊಂಜೊ, ಆರಿಸ್ಬೇಡ ಅನ್ನು. ಆ ಹುಡುಗ ಚೆನ್ನಾಗಿ ಮಾತಾಡ್ತಾನೆ."

ಮಧ್ಯಾಹ್ನ ಆನೆ ಹಿಂಡು. ಇದು ನನಗೆ ಪ್ರಿಯವಾದ ಹಿಂಡು, ಹರಿದ ಕಿವಿಯ ಮುದುಕಿ ಮುಂದಾಳು. ಎಂಜಿನ್ ನಿಲ್ಲಿಸಿದೆ. ಅವು ಗಾಡಿಯ ಎರಡೂ ಪಕ್ಕದಿಂದ ಹಾದವು, ಉಸಿರು ಕೇಳಿಸುವಷ್ಟು ಹತ್ತಿರ. ಮರಿಯೊಂದು ಸೊಂಡಿಲಿನಿಂದ ಏನು ಮಾಡುವುದೆಂದು ತಿಳಿಯದೆ ಅದನ್ನೇ ತುಳಿದುಕೊಂಡು ಮುಗ್ಗರಿಸಿತು. ಗಾಜಿಗೆ ಮೆಲ್ಲಗೆ ಹೇಳಿದೆ: ಇದರಲ್ಲಿ ಎಲ್ಲ ಅಜ್ಜಿ, ಮಗಳು, ಮೊಮ್ಮಗಳು. ಎಲ್ಲಿ ನೀರು, ಯಾವ ಹೊತ್ತಿಗೆ ಹೊರಡಬೇಕು, ಎಲ್ಲ ಮುದುಕಿಯ ತೀರ್ಮಾನ. ಗಂಡು ಪ್ರಾಯಕ್ಕೆ ಬಂದರೆ ಹೊರಗೆ ಕಳಿಸುತ್ತಾರೆ.

"ಒಳ್ಳೇ ಪದ್ಧತಿ" ಎಂದಿತು ಹಿಂದಿನ ದನಿ.

ಸ್ವಲ್ಪ ಮುಂದೆ ಕತ್ತೆಕಿರುಬಗಳು. ಅಲ್ಲೂ ಹೆಣ್ಣಿನದೇ ದರ್ಬಾರು, ಗಂಡು ಕಡೆಗೆ ಉಳಿದದ್ದು ತಿನ್ನಬೇಕು. ಹೇಳದೆ ಮುಂದೆ ಹೋಗೋಣವೆಂದರೆ ಕಿಲೊಂಜೊ ಬಿಡಲಿಲ್ಲ, ಎಲ್ಲ ಹೇಳಿಬಿಟ್ಟ. ಇಡೀ ದಿನ ಪ್ರಾಣಿ ತೋರಿಸುತ್ತಿದ್ದೇನೋ ಅತ್ತೆಯವರ ಪಕ್ಷದ ಪ್ರಚಾರ ಮಾಡುತ್ತಿದ್ದೇನೋ ನನಗೇ ತಿಳಿಯದಾಯಿತು.

ಆದರೂ ಒಂದು ಬರೆದಿಡಬೇಕು. ಆನೆಗಳು ಹೋದವು. ಎಂಜಿನ್ ಹಾಕಲು ಹೋದೆ. "ಇನ್ನೂ ಸ್ವಲ್ಪ" ಎಂದರು ಅತ್ತೆ. ಯಾರಿಗೂ ಹೇಳು ಅನ್ನಲಿಲ್ಲ. ಸುಮ್ಮನೆ, ಗಾಳಿಗೆ ಹೇಳಿದ ಹಾಗೆ. ಧೂಳು ಕೂರುವವರೆಗೂ ಅಲ್ಲೇ ಇದ್ದೆವು.

ಸಿಂಹ ಸಿಗಲಿಲ್ಲ. ನಾಳೆ ಒಂದೇ ದಿನ.

ಜುಲೈ 9, ಬುಧವಾರ. ಬೆಳಿಗ್ಗೆ

ನಂಜಾಲಾಗೆ ತಲೆನೋವಂತೆ. ಕ್ಯಾಂಪಿನಲ್ಲೇ ಇರುತ್ತಾಳಂತೆ. ಮಡಚುವ ಕುರ್ಚಿಯಲ್ಲಿ ಕಾಲು ಚಾಚಿ, ಅತಿಥಿಗಳ ಕಾಫಿ ಕುಡಿಯುತ್ತ, ಹಾಡು ಗುನುಗುತ್ತ ನರಳುತ್ತಿದ್ದಾಳೆ. "ನಿಮ್ಮಿಬ್ರಿಗೂ ಕಿಲೊಂಜೊ ಇದಾನಲ್ಲ" ಅಂದಳು. ಇವಳು ನನ್ನ ಪಕ್ಷವೋ ಅಮ್ಮನ ಪಕ್ಷವೋ...

ಸಂಜೆ

ಈಗ ಪೆನ್ನು ಹಿಡಿಯಲು ಬರುತ್ತಿದೆ. ಆದದ್ದು ಆದ ಹಾಗೆ ಬರೆಯುತ್ತೇನೆ.

ಮಧ್ಯಾಹ್ನ ಊಟವಾಗಿ ಸುತ್ತುತ್ತಿದ್ದೆವು. ಅತ್ತೆ, "ಕಿಲೊಂಜೊ, ಒಂಚೂರು ನಿಲ್ಲಿಸೋಕೆ ಹೇಳು" ಎಂದರು. ಯಾಕೆಂದು ಹೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಅತಿಥಿಗಳಾಗಿದ್ದರೆ ನಾನು ಮೊದಲು ಪೊದೆಯ ಸುತ್ತ ಗಾಡಿ ತಿರುಗಿಸಿ, ಎದ್ದು ನಿಂತು ನಾಲ್ಕೂ ಕಡೆ ನೋಡಿ, ಆಮೇಲೆ ಇಳಿಸುತ್ತೇನೆ. ಇಳಿದ ಮೇಲೂ ಆಚೀಚೆ ನೋಡುತ್ತಲೇ ಇರುತ್ತೇನೆ. ಅತ್ತೆಗೆ ಹಾಗೆ ಮಾಡುವುದುಂಟೇ? ಆ ಕಡೆ ಕಣ್ಣು ಹಾಯಿಸುವುದೇ ಮಹಾಪರಾಧ. ಪೊದೆಯ ಪಕ್ಕ ನಿಲ್ಲಿಸಿದೆ. ನಾನೂ ಕಿಲೊಂಜೊನೂ ಎಡಕ್ಕೆ ತಿರುಗಿ, ಟಾಂಜಾನಿಯಾ ಕಡೆಗೆ ಭಕ್ತಿಯಿಂದ ನೋಡುತ್ತ ಕೂತೆವು.

ಎಡಗಡೆ ಒಂದಷ್ಟು ಇಂಪಾಲಾ ಜಿಂಕೆ. ಒಂದೂ ಮೇಯುತ್ತಿಲ್ಲ. ಎಲ್ಲವೂ ತಲೆ ಎತ್ತಿ ನಮ್ಮ ಗಾಡಿಯಾಚೆ, ಬಲಗಡೆಗೆ ನೋಡುತ್ತಿವೆ. ಒಂದು ಸೀನಿತು, ಅಪಾಯ ಕಂಡಾಗ ಸೀನುವ ಹಾಗೆ. ಇನ್ನೊಂದು ಸೀನಿತು.

ತಿರುಗಿ ನೋಡಿದೆ.

ಅತ್ತೆ ಪೊದೆಯ ಮರೆಯಿಂದ ಬಂದು ಗಾಡಿಯ ಕಡೆಗೆ ನಡೆಯುತ್ತಿದ್ದರು. ಅವರ ಹಿಂದೆ ಹುಲ್ಲಿನ ಮೇಲೆ ಸಿಂಹಿಣಿಯ ತಲೆ. ಅದರ ಪಕ್ಕ ಎರಡು ಪುಟ್ಟ ಕಿವಿ. ಮರಿ ಇದೆ.

ಅತ್ತೆಗೆ ಕಂಡದ್ದು ಸಿಂಹವಲ್ಲ. ಅವರನ್ನೇ ಕಣ್ಣು ಬಿಟ್ಟು ನೋಡುತ್ತಿರುವ ಅಳಿಯ. ಮರ್ಯಾದಸ್ಥ ಹೆಂಗಸು ಏನು ಮಾಡಬೇಕೋ ಅದನ್ನೇ ಮಾಡಿದರು. ನಿಂತರು. ಹೆಗಲ ಮೇಲಿದ್ದ ಹಳದಿ ಲೆಸೊ ಬಟ್ಟೆಯನ್ನು ತಲೆಯ ಮೇಲಿಂದ ಗಲ್ಲದವರೆಗೆ ಎಳೆದುಕೊಂಡರು. ನನಗೆ ಬೆನ್ನು ಮಾಡಿ ಆ ಕಡೆ ತಿರುಗಿದರು. ಅಂದರೆ ಸಿಂಹಿಣಿಗೆ ಮುಖ ಮಾಡಿ, ಮುಸುಕು ಹಾಕಿಕೊಂಡು ನಿಂತರು.

ಸಿಂಹಿಣಿ ಎದ್ದಿತು. ಇಂಥದ್ದನ್ನು ಅದೂ ಕಂಡಿರಲಿಕ್ಕಿಲ್ಲ.

ಇಳಿದದ್ದು ಯಾವಾಗ ಗೊತ್ತಿಲ್ಲ. ನಡೆಯುತ್ತಿದ್ದೆ. "ಅತ್ತೇ, ಓಡ್ಬೇಡಿ. ಅಲ್ಲೇ ನಿಂತಿರಿ" ಎಂದೆ. ಮದುವೆಯಾದ ಮೇಲೆ ಅವರಿಗೆ ನಾನು ನೇರವಾಗಿ ಹೇಳಿದ ಮೊದಲ ಮಾತು.

ಮುಸುಕಿನೊಳಗಿಂದ: "ಕಿಲೊಂಜೊ! ಈ ಮನುಷ್ಯನಿಗೆ ನಾಚಿಕೆ ಅನ್ನೋದು ಇದೆಯಾ ಕೇಳು!"

ಕಿಲೊಂಜೊ ಏನೂ ಕೇಳಲಿಲ್ಲ. ಬಾಯಿರುವ ಗೋಡೆಯ ಬಾಯಿ ತೆರೆದೇ ಇತ್ತು, ಸದ್ದು ಮಾತ್ರ ಬರುತ್ತಿರಲಿಲ್ಲ.

ಅವರ ಕೈ ಹಿಡಿದೆ. ಕೊಸರಿದರು. ಅಷ್ಟರಲ್ಲಿ ಸಿಂಹಿಣಿ ಗುರುಗುಟ್ಟಿತು. ಜೋರಾಗಿ ಅಲ್ಲ, ನೆಲದೊಳಗಿಂದ ಬಂದ ಹಾಗೆ, ಅಂಗಾಲಿಗೆ ಕೇಳಿಸುವ ಹಾಗೆ. ಅತ್ತೆ ಕೊಸರುವುದು ನಿಲ್ಲಿಸಿದರು. ಅವರ ಬೆರಳುಗಳು ನನ್ನ ಬೆರಳುಗಳನ್ನು ಬಿಗಿಯಾಗಿ ಹಿಡಿದುಕೊಂಡವು. ಸಣ್ಣ ಕೈ, ಒರಟು. ಸಿಂಹಿಣಿಯ ಮೇಲಿಂದ ಕಣ್ಣು ತೆಗೆಯದೆ, ಅವರನ್ನು ನನ್ನ ಹಿಂದಕ್ಕೆ ಸರಿಸಿ, ಹಿಂದೆ ಹಿಂದೆ ನಡೆದೆವು. ಅದು ನಮ್ಮ ಕಡೆಗೆ ಒಂದೆರಡು ಹೆಜ್ಜೆ ಬಂದು ನಿಂತಿತು. ಬಾಲ ಬಡಿಯಿತು. ಮರಿ ಕುಯ್ಯೆಂದಿತು. ಅದು ತಿರುಗಿ ಮರಿಯನ್ನು ನೋಡಿತು. ಆ ಚೂರು ಹೊತ್ತು ಸಾಕಾಯಿತು.

ಗಾಡಿಯ ಬಾಗಿಲು ಹಾಕಿದೆ. ಕೈ ಬಿಟ್ಟೆ. ಆಮೇಲೆ ನನ್ನ ಕೈ ನಡುಗಲು ಶುರುವಾಯಿತು ನೋಡು, ಕೀಲಿ ರಂಧ್ರಕ್ಕೇ ಹೋಗದು. ಕಿಲೊಂಜೊ ಚಹಾದ ಫ್ಲಾಸ್ಕನ್ನು ದೊಣ್ಣೆಯ ಹಾಗೆ ಎತ್ತಿ ಹಿಡಿದಿದ್ದ. ಕ್ಯಾಂಪಿಗೆ ಬಂದರೂ ಇಳಿಸಲಿಲ್ಲ. ನಾನೇ ಇಳಿಸಿದೆ.

ಅತ್ತೆ ದಾರಿಯುದ್ದಕ್ಕೂ ಮುಸುಕು ತೆಗೆಯಲಿಲ್ಲ. ಅಂದರೆ, ಸಿಂಹ ನೋಡಲಿಲ್ಲ. ಸಿಂಹ ಅವರನ್ನು ಸಾವಕಾಶವಾಗಿ, ಅಡಿಯಿಂದ ಮುಡಿಯವರೆಗೆ ನೋಡಿತು. ಅವರು ಮಾತ್ರ ನೋಡಲಿಲ್ಲ.

ಮಗಳಿಗೆ ಹೇಳಿದ್ದು ಒಂದೇ ಮಾತು: "ನಾಳೆ ನನ್ನನ್ನ ಊರಿಗೆ ಕಳಿಸು."

ಜುಲೈ 10, ಗುರುವಾರ. ನಾರೋಕ್

ಬಸ್ಸು ಹತ್ತಿಸಿ ಬಂದೆವು. ನಾನು ರಸ್ತೆಯಾಚೆ ನಿಂತಿದ್ದೆ. ಕಂದು ಚಪ್ಪಲಿ ಮೆಟ್ಟಿಲು ಹತ್ತಿತು. ತಿರುಗಲಿಲ್ಲ.

"ಏನಂದ್ರು?"

"ಏನೂ ಅನ್ಲಿಲ್ಲ." ನಂಜಾಲಾ ನನ್ನ ಕಡೆ ತಿರುಗಿದಳು. ಆಮೇಲೆ ರಸ್ತೆಯಲ್ಲೇ, ಎಲ್ಲರೆದುರೇ, ನನ್ನ ಅಂಗಿಯ ಗುಂಡಿ ಸರಿಮಾಡಿದಳು. ಗುಂಡಿ ಸರಿಯಾಗೇ ಇತ್ತು.

ಜುಲೈ 19, ಶನಿವಾರ

ಕುಂಡು ಫೋನ್ ಮಾಡಿದ್ದ. ದನಿಯಲ್ಲಿ ಅನುಕಂಪ. "ಭಾವ, ವಿಷಯ ಹಿರಿಯರ ತನಕ ಹೋಗಿದೆ. ಅಮ್ಮನ ಕೈ ಹಿಡಿದಿದೀರಿ, ಮುಖ ನೋಡಿದೀರಿ. ಮುಂದಿನ ಶನಿವಾರ ಬನ್ನಿ. ತಪ್ಪುಕಾಣಿಕೆ ಒಂದು ಕುರಿ, ಒಂದು ಕಂಬಳಿ. ಅಮ್ಮ ಅವತ್ತೇ ಎಲ್ಲಾರ ಮುಂದೆ ತನ್ನ ಮಾತು ಹೇಳ್ತಾಳಂತೆ." ಫೋನ್ ಇಡುವ ಮೊದಲು, "ಕೌಂಟರ್ ಹತ್ರ ನಿಮಗೆ ಫ್ಯಾನ್ ಹಾಕ್ಸಿದೀನಿ" ಅಂದ. ಒಳ್ಳೆಯ ಮನುಷ್ಯ. ಅದೇ ಕಷ್ಟ.

ಮುಖ ನೋಡಿದ್ದು ನಿಜವೇ. ಮುಸುಕು ಎಳೆದುಕೊಳ್ಳುವ ಮೊದಲು ಒಂದು ಕ್ಷಣ. ನಂಜಾಲಾಳ ಹುಬ್ಬೇ. ಸಿಟ್ಟು ಬಂದಾಗ ಎಡಗಡೆಯದೇ ಮೊದಲು ಏರುತ್ತದೆ.

ನಂಜಾಲಾ ನೀಲಿ ಬಟ್ಟೆಯ ಉದ್ದ ಕೋಟು ಹೊಲಿಯುತ್ತಿದ್ದಾಳೆ, ಅಂಗಡಿಯವರು ಹಾಕುವಂಥದು. ಯಾರಿಗೆಂದು ಕೇಳಲಿಲ್ಲ. ತೋಳಿನ ಅಳತೆ ನನ್ನದೇ.

ಜುಲೈ 23

ಅತಿಥಿಗಳಿದ್ದರು. ಸಿಂಹ ಸಿಕ್ಕಿತು, ಏಳೆಂಟು. ಛಾವಣಿಯಿಂದ ತಲೆ ಹೊರಹಾಕಿ ನಿಂತು ತೋರಿಸಿದೆ. ಎಲ್ಲ ಚಪ್ಪಾಳೆ ತಟ್ಟಿದರು. ಹರಿದ ಕಿವಿಯ ಮುದುಕಿಯ ಹಿಂಡೂ ಬಂತು. ಅವು ಹೋದ ಕೂಡಲೇ ಅತಿಥಿಗಳು, ಮುಂದೇನು, ಅಂದರು. ಎಂಜಿನ್ ಹಾಕಿದೆ.

ಆ ಮರಿ ಈಗ ಸೊಂಡಿಲು ತುಳಿದುಕೊಳ್ಳುವುದಿಲ್ಲ. ಕಲಿತಿದೆ. ಇದನ್ನು ಯಾರಿಗೆ ಹೇಳಲಿ.

ಜುಲೈ 26, ಶನಿವಾರ. ಬುಂಗೋಮಾ, ಅತ್ತೆಯವರ ಮನೆ

ಅಂಗಳದಲ್ಲಿ ಹಿರಿಯರು. ನಾನು ಮೋಟು ಮಣೆಯ ಮೇಲೆ, ಗೋಡೆಗೆ ಮುಖ. ಅತ್ತೆ ಒಳಬಾಗಿಲ ಪಕ್ಕ. ಕುರಿ ನಡುವೆ. ಇಡೀ ಸಭೆಯಲ್ಲಿ ನಿರಾಳವಾಗಿ ಇದ್ದವನು ಅವನೊಬ್ಬನೇ, ಪಾಪ, ಅವನಿಗೆ ಏನೂ ಹೇಳಿರಲಿಲ್ಲ.

ಮುದುಕ ವೆಪುಖುಲು ವಿಚಾರಣೆ ಶುರುಮಾಡಿದ. "ಅಳಿಯ, ನೀನು ಅತ್ತೆಯ ಮುಖ ನೋಡಿದೆಯಾ?"

"ನೋಡಿದೆ."

"ಕೈ ಹಿಡಿದೆಯಾ?"

"ಹಿಡಿದೆ."

"ಯಾಕೆ?"

"ಸಿಂಹ ಇತ್ತು."

"ಸಿಂಹ ಇದ್ರೆ ಸಿಂಹದ ಕೈ ಹಿಡೀಬೇಕಿತ್ತು" ಎಂದ ಮುದುಕ. ಸಭೆಯೆಲ್ಲ ನಕ್ಕಿತು. ಕುರಿ, ಕಂಬಳಿ ಒಪ್ಪಿಸಿದೆ. ಹಿರಿಯರು ಕಂಬಳಿಯನ್ನು ಮುಟ್ಟಿ, ತಿರುವಿ, ನೇಯ್ಗೆ ಪರೀಕ್ಷಿಸಿ, ಕಟ್ಟಳೆ ಇವತ್ತಿಗೆ ಬಿಡುಗಡೆ, ಇನ್ನು ಇವರಿಬ್ಬರೂ ತಾಯಿ ಮಗನ ಹಾಗೆ ಎದುರಾಬದುರು ಕೂರಬಹುದು ಎಂದರು. ಆಮೇಲೆ ಅತ್ತೆಯ ಮಾತು.

ಅತ್ತೆ ಎದ್ದರು. ಗೋಡೆಗೇ ಕಣ್ಣಿಟ್ಟಿದ್ದೆ, ಅಭ್ಯಾಸಬಲ. ನಂಜಾಲಾ ಬಂದು ನನ್ನ ಪಕ್ಕ ನೆಲದ ಮೇಲೆ ಕೂತಳು.

"ಸಿಂಹ ತೋರಿಸ್ಲಿ ಅಂದಿದ್ದೆ. ನಾನು ಸಿಂಹ ನೋಡ್ಲಿಲ್ಲ. ಸುಳ್ಳು ಯಾಕೆ ಹೇಳ್ಲಿ."

ಕುಂಡು ಗಂಟಲು ಸರಿಮಾಡಿಕೊಂಡ.

"ಆದ್ರೆ ಇವರು ನನ್ನ ಕೈ ಹಿಡಿದಾಗ ಇವರ ಕೈ ನಡುಗ್ತಿರ್ಲಿಲ್ಲ. ನಾನು ಗಾಡಿ ಒಳಗೆ ಕೂತು ಬಾಗಿಲು ಹಾಕಿದ ಮೇಲೆ ನಡುಗ್ತು. ಕೀಲಿ ಗಲಗಲ ಅಂತಿತ್ತು, ಮುಸುಕಲ್ಲೇ ಕೇಳಿಸ್ಕೊಂಡೆ. ಕುಂಡು, ಮೊಳೆ ತೂಗೋಕೆ ಅಂಥ ಕೈ ಬೇಡ ಕಣೋ. ಬೇರೆ ಯಾರನ್ನಾದ್ರೂ ನೋಡ್ಕೋ."

ಸಭೆ ಗುಜುಗುಜು. ಕುಂಡು "ಫ್ಯಾನ್ ಹಾಕ್ಸಿದ್ನಲ್ಲಮ್ಮ" ಅಂದ. "ನೀನೇ ಕೂತ್ಕೋ ಅದರ ಕೆಳಗೆ" ಅಂದರು.

"ಮತ್ತೆ ನಂಜಾಲಾ, ನಿನ್ನ ಮಾತಲ್ಲೂ ತಪ್ಪಿಲ್ಲ. ಗೋಡೆ ಜೊತೆ ಎಷ್ಟು ದಿನ ಮಾತಾಡ್ತೀಯ. ಮಷೀನು ಆ ಕಾಡಿನ ಬಾಗಿಲಿಗೇ ಒಯ್ಯಿ. ಆ ಟೆಂಟುಗಳನ್ನ ಯಾರು ಹೊಲೀತಾರೆ? ಒಂದರ ಜಿಪ್ಪೂ ನೆಟ್ಟಗಿಲ್ಲ."

ನಂಜಾಲಾ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೆಂದುಕೊಂಡೆ. ನಗುತ್ತಿದ್ದಳು. ಅಲ್ಲ, ಎರಡೂ.

ಅದೇ ದಿನ, ಸಂಜೆ

ಊಟಕ್ಕೆ ಎದುರಾಬದುರು ಕೂರಿಸಿದರು. ನಾನು ತಟ್ಟೆಗೇ ಕಣ್ಣು ನೆಟ್ಟಿದ್ದೆ. ಅತ್ತೆ ತಾವೇ ನನ್ನ ತಟ್ಟೆಗೆ ಕೋಳಿಯ ಜಠರ ಬಡಿಸಿದರು. ಮನೆಗೆ ಬಂದ ದೊಡ್ಡವರಿಗೆ ಕೊಡುವ ಭಾಗ. ತಲೆ ಎತ್ತಿದೆ. ಅವರೂ ನನ್ನನ್ನೇ ನೋಡುತ್ತಿದ್ದರು. ಇಬ್ಬರಿಗೂ ಎಲ್ಲಿ ನೋಡಬೇಕೋ ತಿಳಿಯದೆ ಒಟ್ಟಿಗೇ ಕೋಳಿಯನ್ನು ನೋಡಿದೆವು.

ಆಮೇಲೆ ಅತ್ತೆ ಸ್ವಲ್ಪ ಮುಂದಕ್ಕೆ ಬಗ್ಗಿ, ಬೇರೆ ಯಾರಿಗೂ ಕೇಳದಂತೆ, "ಅಳಿಯಂದ್ರೇ, ಒಂದು ಕೇಳ್ತೀನಿ. ಹೇಗಿತ್ತು ಅದು?"

"ಯಾವುದು ಅತ್ತೆ?"

"ಸಿಂಹ ಕಣ್ರೀ. ಅಷ್ಟು ಹತ್ರ ಇತ್ತಂತೆ. ನನಗೆ ಕಂಡಿದ್ದು ಬರೀ ಹಳದಿ ಬಟ್ಟೆ. ನಿದ್ದೆ ಬರ್ತಿಲ್ಲ ನನಗೆ, ಆ ಕಿಲೊಂಜೊ ನೋಡಿದಾನೆ, ನಾನು ನೋಡಿಲ್ಲ. ಹೇಳಿ, ಮೊದಲಿಂದ ಹೇಳಿ. ಕಣ್ಣು ಯಾವ ಬಣ್ಣ?"

ಹೇಳಲು ಶುರುಮಾಡಿದೆ. ಅಕ್ಕಪಕ್ಕದವರು ಬಂದು ಕೂತರು. ವೆಪುಖುಲು ಹೊಸ ಕಂಬಳಿ ಹೊದ್ದು ಬಂದ, ಅದು ಅವನ ಹೆಗಲಿಗೆ ಹೇಗೆ ಹೋಯಿತೋ ಯಾರೂ ಕೇಳಲಿಲ್ಲ. ಜಿಂಕೆ ಸೀನುವವರೆಗೆ ಹೇಳಿದ್ದೇನೆ. ಚಹಾ ಮಾಡುತ್ತಿದ್ದಾರೆಂದು ಎದ್ದು ಬಂದು ಇದನ್ನು ಗೀಚುತ್ತಿದ್ದೇನೆ. ಒಂದು ಸಮಸ್ಯೆ. ಸಿಂಹಿಣಿ ಎಷ್ಟು ಹತ್ತಿರ ಬಂತೆಂದು ಹೇಳಲಿ? ಇದ್ದದ್ದು ಇದ್ದ ಹಾಗೆ ಹೇಳಿದರೆ ಅತ್ತೆಗೆ ಸಾಲದು. ಸ್ವಲ್ಪ ಹತ್ತಿರ ತಂದರೆ... ಅಲ್ಲೇ ಇದ್ದವರಿಗೇ ಸುಳ್ಳು ಹೇಳುವುದು ಹೇಗೆ, ಅವರು ನೋಡಿಲ್ಲ ನಿಜ, ಆದರೆ ಕಿವಿ ಚುರುಕು, ಕೀಲಿಯ ಸದ್ದನ್ನೇ ಬಿಟ್ಟಿಲ್ಲ. ಕಣ್ಣಿನ ಬಣ್ಣವಂತೂ ಸರಿಯಾಗಿ ಹೇಳಬೇಕು. ಜೇನಿನ ಬಣ್ಣ ಅನ್ನಲೇ? ಜೇನಲ್ಲ, ಇನ್ನೂ ಸ್ವಲ್ಪ ತಿಳಿ, ಬೆಳಗಿನ ಬಿಸಿಲು ಬಿದ್ದಾಗ ಹುಲ್ಲಿನ—

ಅತ್ತೆ ಕರೆಯುತ್ತಿದ್ದಾರೆ. ಹೆಸರು ಹಿಡಿದು.

"ಸಿತುಮಾ! ಆಮೇಲೆ?"

ಬಂದೆ, ಬಂ